ಅಂಗಳದಡಿ ಒಡೆದ ಒಳಚರಂಡಿ ಪೈಪು: ಹುಡುಕುವುದು, ಸರಿಪಡಿಸುವುದು, ಹೊಸದು ಹಾಕುವುದು

ಬೇಸಿಗೆಯಲ್ಲಿ ಅಂಗಳದಡಿ ಪೈಪು ಒಡೆದರೂ ಮನೆಯವರಿಗೆ ಗೊತ್ತಾಗುವುದಿಲ್ಲ. ಸೋರಿದ್ದನ್ನೆಲ್ಲ ಒಣಮಣ್ಣು ಕುಡಿದುಬಿಡುತ್ತದೆ. ಆರಿದ್ರಾ ಮಳೆ ಹಿಡಿದು ಹದಿನೈದು ದಿನ ಸುರಿದ ಮೇಲೆ ಮಣ್ಣಿಗೆ ಕುಡಿಯಲು ಜಾಗವಿರುವುದಿಲ್ಲ. ಆಗ ಅದೇ ಬಿರುಕಿನಿಂದ ನೀರು ಪೈಪಿನ ಒಳಗೆ ನುಗ್ಗುತ್ತದೆ, ಜೊತೆಗೆ ಮಣ್ಣನ್ನೂ ಎಳೆದು ತರುತ್ತದೆ. ಮೊದಲು ಬಚ್ಚಲಲ್ಲಿ ನೀರು ನಿಲ್ಲುತ್ತದೆ, ಆಮೇಲೆ ಕಮೋಡ್ ಗುಳುಗುಳು ಅನ್ನುತ್ತದೆ, ಕೊನೆಗೆ ಚೇಂಬರ್, ಅಂದರೆ ಲೈನಿನ ನಡುವೆ ಕಟ್ಟಿದ ಮುಚ್ಚಳದ ಗುಂಡಿ ಉಕ್ಕುತ್ತದೆ. ಹಾಸನ, ಸಕಲೇಶಪುರ, ಚಿಕ್ಕಮಗಳೂರು, ಮೂಡಿಗೆರೆ ಕಡೆ ಅಗೆಯಲು ಅತಿ ಕೆಟ್ಟ ಕಾಲವೂ ಅದೇ. ತೋಡಿದ ಗುಂಡಿ ಕುಸಿಯುತ್ತದೆ, ಗಾರೆ ಕೂರುವುದಿಲ್ಲ, ಪೈಪು ತೇಲುತ್ತದೆ. ಹಾಗಾಗಿ ಜನವರಿ-ಫೆಬ್ರವರಿಯಲ್ಲಿ ಪರೀಕ್ಷೆ ಮಾಡಿ, ಮೇ ನಡುವಿನೊಳಗೆ ಕೆಲಸ ಮುಗಿಸಿಕೊಳ್ಳಿ.

ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ. ಮನೆಯ ಒಳಚರಂಡಿ ಕೆಡುವುದಕ್ಕೆ ಹೆಚ್ಚಿನ ಸಲ ಕಾರಣ ಪೈಪಿನ ಕೆಳಗಿರುವ ಮಣ್ಣು ಮತ್ತು ತಪ್ಪಿದ ವಾಟ, ಅಂದರೆ ನೀರು ಹರಿಯಲು ಪೈಪಿಗೆ ಕೊಡುವ ಇಳಿಜಾರು. ಅದನ್ನು ನೋಡದೆ ಪೈಪನ್ನಷ್ಟೇ ಬದಲಿಸಿದರೆ, ಎರಡು ಮಳೆಗಾಲ ಕಳೆದ ಮೇಲೆ ಅದೇ ಜಾಗವನ್ನು ಮತ್ತೆ ಅಗೆಯಬೇಕಾಗುತ್ತದೆ.

ಯಾರನ್ನೂ ಒಳಗೆ ಇಳಿಸಬೇಡಿ

ಕಟ್ಟಿಕೊಂಡ ಚೇಂಬರ್‌ಗೋ ಸೆಪ್ಟಿಕ್ ಟ್ಯಾಂಕ್‌ಗೋ ಮನುಷ್ಯ ಇಳಿಯಕೂಡದು. ಒಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಹೆಚ್ಚಾದಾಗ ಮೂಗಿನ ಶಕ್ತಿಯೇ ಹೋಗುತ್ತದೆ. ಹಾಗಾಗಿ ‘ವಾಸನೆ ಇಲ್ಲ, ಇಳಿಯಬಹುದು’ ಎನ್ನುವ ಲೆಕ್ಕಾಚಾರವೇ ಜೀವ ತೆಗೆಯುತ್ತದೆ. ಒಬ್ಬ ಬಿದ್ದನೆಂದು ಎತ್ತಲು ಇಳಿದ ಎರಡನೆಯವನೂ ಅಲ್ಲೇ ಉಳಿಯುತ್ತಾನೆ. ಬಾವಿಗೆ ದೀಪ ಇಳಿಸಿ ನೋಡುವ ಹಳೆಯ ರೂಢಿ ಇಲ್ಲಿಗೆ ಬೇಡ. ಮೀಥೇನ್ ಇದ್ದರೆ ಹೊತ್ತಿಕೊಳ್ಳುತ್ತದೆ.

2013ರ ಮಲ ಹೊರುವವರ ನೇಮಕ ನಿಷೇಧ ಮತ್ತು ಪುನರ್ವಸತಿ ಕಾಯ್ದೆಯ ಪ್ರಕಾರ, ಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿ ಕೆಲಸಕ್ಕೆ ಜನರನ್ನು ಹಚ್ಚುವುದು ಅಪರಾಧ. ಮೊದಲ ಸಲವೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಕೆಲಸ ಹೇಳಿದ ಮನೆಯವರಿಗೂ ಇದು ಅನ್ವಯಿಸುತ್ತದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ಕಟ್ಟಿಕೊಂಡರೆ ಜೆಟ್ಟಿಂಗ್ (ನೀರು ಚಿಮ್ಮಿಸಿ ಕಟ್ಟು ಬಿಡಿಸುವ) ಅಥವಾ ಸಕ್ಕಿಂಗ್ (ಹೀರಿ ತೆಗೆಯುವ) ಯಂತ್ರ ಕರೆಸಿ. ಮುಂದೆ ಹೇಳುವುದೆಲ್ಲ ಮೇಲೆ ನಿಂತು ಮಾಡುವ, ಇಲ್ಲವೇ ತೆರೆದ ಗುಂಡಿಯಲ್ಲಿ ಮಾಡುವ ಕೆಲಸ.

ಎಲ್ಲಿ ಕೆಟ್ಟಿದೆ?

ಒಂದೇ ಸಿಂಕ್ ಅಥವಾ ಒಂದೇ ಬಚ್ಚಲಿನ ನೀರು ನಿಧಾನವಾದರೆ ಅದು ಆ ಟ್ರ್ಯಾಪಿನ, ಅಂದರೆ ಕೆಳಗೆ ನೀರು ನಿಲ್ಲುವ ಬಾಗಿದ ತುಂಡಿನ ತೊಂದರೆ, ಅಂಗಳ ಅಗೆಯಬೇಕಿಲ್ಲ. ಕೆಳಮಹಡಿಯಲ್ಲಿ ಎಲ್ಲ ಕಡೆಯೂ ಒಟ್ಟಿಗೆ ನಿಧಾನವಾಗಿದ್ದರೆ ತೊಂದರೆ ಇರುವುದು ಹೊರಗಿನ ಲೈನಿನಲ್ಲಿ. ಇನ್ನೂ ಕೆಲವು ಗುರುತುಗಳಿವೆ: ಬೇಸಿಗೆಯಲ್ಲೂ ಒಂದೇ ಪಟ್ಟಿಯಲ್ಲಿ ಹಸಿರಾಗಿರುವ ಹುಲ್ಲು, ಕುಸಿದ ಅಂಗಳದ ಟೈಲ್ಸು, ಚೇಂಬರ್ ಪಕ್ಕ ಇಲಿ ಬಿಲ, ಒಂದು ಗೋಡೆಯ ಬುಡದಲ್ಲಿ ಮಾತ್ರ ಏಳುವ ಪಸೆ. ಸಂಪಿನ ನೀರು ವಾಸನೆ ಬಂದರೆ ಒಂದು ದಿನವೂ ಕಾಯಬೇಡಿ. ಸಂಪ್ ಖಾಲಿ ಮಾಡಿ, ಲೈನ್ ಸರಿಯಾಗುವವರೆಗೆ ಆ ನೀರನ್ನು ಕುಡಿಯುವುದಕ್ಕೂ ಅಡುಗೆಗೂ ಬಳಸಬೇಡಿ.

ಚೇಂಬರ್ ಮುಚ್ಚಳಗಳನ್ನೆಲ್ಲ ಹಾರೆಯಿಂದ ಎತ್ತಿ, ಒಂದು ಗಂಟೆ ಗಾಳಿಗೆ ಬಿಡಿ. ಮನೆಯ ಹತ್ತಿರದ ಚೇಂಬರ್ ತುಂಬಿದ್ದು ಮುಂದಿನದು ಒಣಗಿದ್ದರೆ, ಕಟ್ಟಿರುವುದು ಆ ಎರಡರ ನಡುವೆ. ಎಲ್ಲವೂ ತುಂಬಿದ್ದರೆ ರಸ್ತೆಯ ಯುಜಿಡಿ, ಅಂದರೆ ಊರಿನ ಒಳಚರಂಡಿ ಲೈನ್ ಕಟ್ಟಿದೆ. ಅದು ಸ್ಥಳೀಯ ಸಂಸ್ಥೆಯ ಕೆಲಸ. ದೂರು ಕೊಡಿ, ನಿಮ್ಮ ಅಂಗಳ ಮುಟ್ಟಬೇಡಿ.

ಕಟ್ಟಿದ ಭಾಗಕ್ಕೆ ಕೆಳಗಿನ ಚೇಂಬರ್ ಕಡೆಯಿಂದ ಸ್ಪ್ರಿಂಗ್ ರಾಡ್ ಬಿಡಿ. ರಾಡ್ ನಿಂತ ಕಡೆ ಅದರ ಮೇಲೆ ಬಟ್ಟೆ ಕಟ್ಟಿ ಗುರುತು ಮಾಡಿ, ಹೊರಗೆಳೆದು, ಅಷ್ಟೇ ಉದ್ದವನ್ನು ನೆಲದ ಮೇಲೆ ಅಳೆದು ಸುಣ್ಣದಲ್ಲಿ ಗೆರೆ ಹಾಕಿ. ರಾಡಿನ ತುದಿಗೆ ಏನು ಅಂಟಿದೆ ಎಂದು ನೋಡಿ. ಕೂದಲು, ಜಿಡ್ಡು ಬಂದರೆ ಬರಿಯ ಕಟ್ಟು. ಎಳೆಎಳೆ ಬೇರು ಬಂದರೆ ಜಾಯಿಂಟ್ ಬಾಯಿಬಿಟ್ಟಿದೆ. ಕೆಂಪು ಮಣ್ಣು ಅಥವಾ ಜಲ್ಲಿ ಬಂದರೆ ಪೈಪೇ ಒಡೆದಿದೆ.

ಕಟ್ಟು ಬಿಡಿಸಿದ ಮೇಲೆ ಕನ್ನಡಿ ಪರೀಕ್ಷೆ ಮಾಡಿ. ಒಬ್ಬರು ಮೇಲಿನ ಚೇಂಬರ್‌ನಲ್ಲಿ ಬಿಸಿಲನ್ನು ಕನ್ನಡಿಯಿಂದ ಪೈಪಿನೊಳಗೆ ಹಾಯಿಸಲಿ, ಇನ್ನೊಬ್ಬರು ಕೆಳಗಿನ ಚೇಂಬರ್‌ನಲ್ಲಿ ಕೋಲಿಗೆ ಕಟ್ಟಿದ ಕನ್ನಡಿಯಲ್ಲಿ ನೋಡಲಿ. ಪೂರ್ತಿ ದುಂಡಗೆ ಬೆಳಕು ಕಂಡರೆ ಲೈನ್ ನೆಟ್ಟಗಿದೆ. ಅರ್ಧಚಂದ್ರದಂತೆ ಕಂಡರೆ ನಡುವೆ ಪೈಪು ಕುಸಿದು ಹೊಟ್ಟೆ ಬಿಟ್ಟಿದೆ, ಅಲ್ಲಿ ಯಾವಾಗಲೂ ನೀರು ನಿಂತಿರುತ್ತದೆ. ಕ್ಯಾಮೆರಾ ತರುವ ಪ್ಲಂಬರ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಆದರೆ ನೇರ ಲೈನಿಗೆ ಕನ್ನಡಿ ಸಾಕು.

ಸೋರಿಕೆ ಹಿಡಿಯಲು ಬಟ್ಟೆಗೆ ಹಾಕುವ ನೀಲಿ ಒಳ್ಳೆಯ ಸಾಧನ. ಒಂದು ಬಕೆಟ್ ನೀರಿಗೆ ಧಾರಾಳವಾಗಿ ಬೆರೆಸಿ ಕಮೋಡಿಗೆ ಸುರಿಯಿರಿ. ಮುಂದಿನ ಚೇಂಬರ್‌ಗೆ ಎಷ್ಟು ನೀರು ಬಂತು, ಪಸೆ ಇರುವ ಜಾಗದಲ್ಲಿ ನೀಲಿ ಏಳುತ್ತದೆಯೇ ಎಂದು ನೋಡಿ. ಆಸಿಡ್ ಸುರಿಯುವುದು ಬೇಡವೇ ಬೇಡ. ಹಳೆಯ ಲೈನಿನ ಸಿಮೆಂಟ್ ಜಾಯಿಂಟನ್ನೇ ಅದು ತಿನ್ನುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಯಾಕೆ ಕೆಟ್ಟಿತು?

ಈ ಕಡೆಯ ಊರುಗಳ ಹಳೆಯ ಬಡಾವಣೆಗಳಲ್ಲಿ ಸ್ಟೋನ್‌ವೇರ್ ಪೈಪು ಈಗಲೂ ನೆಲದಡಿ ಇದೆ. ಕಂದು ಬಣ್ಣದ, ಒಳಗೆ ಹೊಳಪಿರುವ ಮಣ್ಣಿನ ಪೈಪು, ಒಂದೊಂದೂ ಸುಮಾರು 2 ಅಡಿ ಉದ್ದ. 40 ಅಡಿ ಲೈನಿನಲ್ಲಿ ಇಪ್ಪತ್ತು ಜಾಯಿಂಟು. ಪೈಪು ನೂರು ವರ್ಷ ಬಾಳಿದರೂ ಜಾಯಿಂಟಿನ ಸಿಮೆಂಟ್ ಬಾಳುವುದಿಲ್ಲ. ಮಣ್ಣು ಕೊಂಚ ಅಲುಗಿದರೆ ಕೂದಲೆಳೆಯ ಬಿರುಕು ಬಿಡುತ್ತದೆ, ಅಲ್ಲಿಂದ ಹೊರಡುವ ತೇವವನ್ನು ಬೇರು ಹುಡುಕಿಕೊಂಡು ಬರುತ್ತದೆ. ತೆಂಗು, ಸಂಪಿಗೆ, ಬೇಲಿಯ ದಾಸವಾಳ, ಬಿದಿರು, ಗೋಣಿ, ಬಸರಿ ಯಾವುದಾದರೂ ಸರಿ. ಒಳಗೆ ಬಂದ ಬೇರು ಮುಂಗೂದಲಿನ ಹಾಗೆ ಹರಡಿ, ಹೋಗುವ ಕಾಗದ, ಜಿಡ್ಡನ್ನೆಲ್ಲ ಹಿಡಿದು ನಿಲ್ಲಿಸುತ್ತದೆ. ರಾಡ್ ಹಾಕಿ ಬೇರು ಕಿತ್ತರೆ ಕೆಲವು ತಿಂಗಳು ಆರಾಮ, ಬಾಯಿ ಹಾಗೇ ಇರುವುದರಿಂದ ಮತ್ತೆ ಬರುತ್ತದೆ.

ಹೊಸ ಮನೆಗಳ ಪಿವಿಸಿ ಲೈನಿನಲ್ಲಿ ತೊಂದರೆ ಬೇರೆ. ಗದ್ದೆಗೋ ಕೆರೆಯಂಗಳಕ್ಕೋ ಮಣ್ಣು ತುಂಬಿಸಿ ಮಾಡಿದ ಸೈಟಿನಲ್ಲಿ ನೆಲ ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ಪೈಪು ಒಡೆಯುವ ಜಾಗ ಹೆಚ್ಚಾಗಿ ಪಾಯದ ಗೋಡೆಯಿಂದ ಹೊರಗೆ ಬಂದ ಮೊದಲ ಒಂದೆರಡು ಅಡಿ. ಗೋಡೆ ಪೈಪನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಹೊರಗಿನ ತುಂಬು ಮಣ್ಣು ಕೆಳಗಿಳಿಯುತ್ತದೆ, ಪೈಪು ಅಂಚಿನಲ್ಲಿ ಸೀಳುತ್ತದೆ. ಎರಡನೆಯದು ಕಲ್ಲು. ಅಗೆದ ಗೊರಚು ಮಣ್ಣನ್ನೇ ಪೈಪಿನ ಮೇಲೆ ಸುರಿದಾಗ ಮುಷ್ಟಿ ಗಾತ್ರದ ಒಂದು ಕಲ್ಲು ಪೈಪಿಗೆ ತಾಗಿ ಕೂತರೆ ಸಾಕು. ಮೇಲೆ ಕಾರು ಹತ್ತಿ ಇಳಿದಾಗೆಲ್ಲ ಭಾರ ಆ ಒಂದೇ ಚುಕ್ಕೆಗೆ ಬೀಳುತ್ತದೆ.

ಇನ್ನು ನಮ್ಮ ಅಡುಗೆಮನೆ, ಬಚ್ಚಲುಮನೆಯ ಪಾಲು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್-ಜನವರಿಯ ಬೆಳಗಿನಲ್ಲಿ ಇಲ್ಲಿನ ನೆಲವೂ ನೀರೂ ಅದಕ್ಕಿಂತ ತಣ್ಣಗಿರುತ್ತವೆ. ಎಣ್ಣೆಸ್ನಾನದ ನೀರು, ಸೀಗೆಕಾಯಿ ಚರಟ, ಕೂದಲು ಮೂರೂ ಸೇರಿದರೆ ಪೈಪಿನ ಒಳಗೋಡೆಗೆ ಮೇಣ ಮೆತ್ತಿದ ಹಾಗಾಗುತ್ತದೆ. ಹಂಡೆ ಒಲೆಯ ಬೂದಿ ಇದಕ್ಕಿಂತ ಕೆಟ್ಟದ್ದು. ಬೂದಿಯಿಂದ ಪಾತ್ರೆ ತಿಕ್ಕುವ ಮನೆಗಳಲ್ಲಿ ಪೈಪಿನ ತಳದಲ್ಲಿ ಅದು ಗಾರೆಯ ಹಾಗೆ ಹೆಪ್ಪುಗಟ್ಟಿ, ಜೆಟ್ಟಿಂಗ್‌ಗೂ ಬಗ್ಗುವುದಿಲ್ಲ. ಅಂಥ ಮನೆಯಲ್ಲಿ ಪಾತ್ರೆ ತೊಳೆಯುವ ನೀರಿಗೆ ಪ್ರತ್ಯೇಕವಾಗಿ ಒಂದು ಅಡಿ ಆಳದ ಮಡ್ಡಿ ಗುಂಡಿ ಮಾಡಿಸಿ, ತಿಂಗಳಿಗೊಮ್ಮೆ ಬಳಿದು ತೆಗೆಯಿರಿ.

ತುಂಡು ಹಾಕಿದರೆ ಸಾಕೇ?

ಪಿವಿಸಿ ಲೈನಿನಲ್ಲಿ ಒಂದೇ ಕಡೆ ಸೀಳಿದ್ದು, ಉಳಿದ ವಾಟ ಸರಿ ಇದ್ದರೆ ತುಂಡು ಸಾಕು. ಒಡೆದ ಜಾಗದ ಎರಡೂ ಕಡೆ ಒಂದೊಂದು ಅಡಿ ಹೆಚ್ಚಿಗೆ ಅಗೆದು, ಪೈಪಿನ ಕೆಳಗೆ ಕೈ ಆಡುವಷ್ಟು ಮಣ್ಣು ತೆಗೆಯಿರಿ. ಸೀಳು ಮುಗಿದ ಕಡೆಯಿಂದ ಇನ್ನೂ 4 ಇಂಚು ಆಚೆಗೆ ನೇರವಾಗಿ ಕತ್ತರಿಸಿ. ಅಂಚಿನ ಪುಡಿಯನ್ನು ಚಾಕುವಿನಿಂದ ತೆಗೆಯಿರಿ. ಅದನ್ನು ಬಿಟ್ಟರೆ ಕೂದಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೇಕಾಗುವುದು ಒಳಗೆ ತಡೆಯಿಲ್ಲದ, ಪೈಪಿನ ಮೇಲೆ ಪೂರ್ತಿ ಜಾರುವ ಎರಡು ರಿಪೇರಿ ಕಪ್ಲರ್. ಹಳೆ ಪೈಪಿನ ಎರಡೂ ತುದಿಗೆ ಕಪ್ಲರ್ ಪೂರ್ತಿ ಹಿಂದೆ ಸರಿಸಿ, ಹೊಸ ತುಂಡು ಇಟ್ಟು, ಕಪ್ಲರನ್ನು ಸಂದಿಯ ನಡುಮಧ್ಯಕ್ಕೆ ಎಳೆಯಿರಿ. ನಡುವೆ ಬಂತೋ ಇಲ್ಲವೋ ತಿಳಿಯಲು ಮೊದಲೇ ಮಾರ್ಕರ್‌ನಲ್ಲಿ ಗೆರೆ ಹಾಕಿಕೊಂಡಿರಬೇಕು. ಸೀಳಿಗೆ ಎಂ-ಸೀಲ್ ಮೆತ್ತಿ ಬಟ್ಟೆ ಸುತ್ತುವುದು ಒಂದೆರಡು ವಾರದ ಉಪಾಯ ಅಷ್ಟೇ.

ಸ್ಟೋನ್‌ವೇರ್ ಲೈನಿನಲ್ಲಿ ಎರಡಕ್ಕಿಂತ ಹೆಚ್ಚು ಕಡೆ ಬೇರು ಸಿಕ್ಕಿದರೆ ಪೂರ್ತಿ ತೆಗೆಯಿರಿ. ತುಂಡು ಬದಲಿಸಲು ಬಡಿಯುವಾಗಲೇ ಪಕ್ಕದ ಮೂರು ಜಾಯಿಂಟು ಅಲುಗುತ್ತವೆ. ಪಿವಿಸಿ ಮತ್ತು ಸ್ಟೋನ್‌ವೇರ್‌ನ ಹೊರಸುತ್ತಳತೆ ಬೇರೆಬೇರೆ, ಹಾಗಾಗಿ ನೇರ ಜೋಡಿಸಿ ಸಿಮೆಂಟ್ ಮೆತ್ತಿದರೆ ಅದು ನಿಲ್ಲುವುದಿಲ್ಲ. ಹಳೆಯದು ಹೊಸದು ಸೇರುವ ಕಡೆ ಒಂದು ಚೇಂಬರ್ ಕಟ್ಟಿ, ಅತ್ತ ಇತ್ತ ಎರಡನ್ನೂ ಅದಕ್ಕೆ ಬಿಡುವುದೇ ನಂಬಿಕೆಯ ದಾರಿ. ಪೈಪು ಹೊಟ್ಟೆ ಬಿಟ್ಟಿದ್ದರೂ ಪೂರ್ತಿ ತೆಗೆಯಲೇಬೇಕು. ಹಳೆ ಪೈಪಿನೊಳಗೆ ರಾಳದ ಲೈನಿಂಗ್ ಮಾಡುವ, ಅಗೆಯದೆ ಮುಗಿಸುವ ವಿಧಾನಗಳು ದೊಡ್ಡ ನಗರಗಳಲ್ಲಿವೆ. ಅವು ಬಿರುಕನ್ನು ಮುಚ್ಚುತ್ತವೆ, ತಪ್ಪಿದ ವಾಟವನ್ನು ತಿದ್ದುವುದಿಲ್ಲ.

ಸಾಮಾನು

30-40ರ ಸೈಟು, ಹಿಂದೆ ಬಚ್ಚಲುಮನೆ, ಮುಂದೆ ರಸ್ತೆ, ಪಕ್ಕದ 3 ಅಡಿ ಸಂದಿಯಲ್ಲಿ 40 ಅಡಿ ಲೈನ್ ಎಂದು ಇಟ್ಟುಕೊಳ್ಳೋಣ. ಒಂದೇ ಮನೆಗೆ 110 ಮಿ.ಮೀ., ಅಂದರೆ ಅಂಗಡಿಯ ಮಾತಿನಲ್ಲಿ 4 ಇಂಚು ಪೈಪು ಸಾಕು. ಮೂರು ನಾಲ್ಕು ಸಂಸಾರ ಬಾಡಿಗೆಗಿರುವ ಮನೆಯಾದರೆ 160 ಮಿ.ಮೀ., ಅಂದರೆ 6 ಇಂಚು ಹಾಕಿ.

ಪೈಪಿನ ಮೇಲಿನ ಮುದ್ರೆ ಓದದೆ ಹಣ ಕೊಡಬೇಡಿ. ಐಎಸ್ (ಭಾರತೀಯ ಮಾನಕ) 13592 ಮುದ್ರೆಯ ಬೂದು ಬಣ್ಣದ ಎಸ್‌ಡಬ್ಲ್ಯೂಆರ್, ಅಂದರೆ ಮಲ, ಬಳಸಿದ ನೀರು, ಮಳೆನೀರಿನ ಪೈಪಿನಲ್ಲಿ ಎರಡು ಬಗೆ. ಟೈಪ್ ಎ ಗಾಳಿ ಪೈಪಿಗೆ, ಮಳೆನೀರಿಗೆ, 110 ಮಿ.ಮೀ.ಗೆ ಅದರ ದಪ್ಪ ಕನಿಷ್ಠ 2.2 ಮಿ.ಮೀ. ಟೈಪ್ ಬಿ ಮಲಮೂತ್ರದ ಲೈನಿಗೆ. ದಪ್ಪ ಕನಿಷ್ಠ 3.2 ಮಿ.ಮೀ. ಎರಡೂ ದೂರದಿಂದ ಒಂದೇ ತರಹ ಕಾಣುತ್ತವೆ, ಎ ಅಗ್ಗ. ಹಂಡೆಯ ಕುದಿನೀರು ಬಿದ್ದರೆ ತೆಳು ಪೈಪು ಬಾಗುತ್ತದೆ. ಆಳ ಹೆಚ್ಚಿದ್ದರೆ, ಕಾರು ಓಡಾಡುವ ಕಡೆಯಾದರೆ ಐಎಸ್ 15328ರ ಕಂದು ಬಣ್ಣದ ಪೈಪು, ಎಸ್‌ಎನ್ 4 ಅಥವಾ ಎಸ್‌ಎನ್ 8 ಕೇಳಿ (ಎಸ್‌ಎನ್ ಅಂದರೆ ಭಾರಕ್ಕೆ ಬಗ್ಗದಿರುವ ಗಟ್ಟಿತನದ ದರ್ಜೆ). ನೆಲದಡಿಗೆಂದೇ ಮಾಡಿದ್ದು ಅದು.

ಈ 40 ಅಡಿಗೆ 3 ಮೀಟರಿನ ನಾಲ್ಕು ಪೈಪು ಬರುತ್ತದೆ. ಕತ್ತರಿಸುವಾಗ ಹಾಳಾಗುವುದಕ್ಕೆಂದು ಇನ್ನೊಂದು ತೆಗೆದುಕೊಳ್ಳಿ. ಲೈನ್ ಸೇರುವ ಕಡೆ ನೇರ ಟೀ ಬೇಡ, 45 ಡಿಗ್ರಿಯ ವೈ ತನ್ನಿ. ಟೀಯಲ್ಲಿ ಬಂದ ನೀರು ಎದುರು ಗೋಡೆಗೆ ಬಡಿದು ಹಿಂದಕ್ಕೂ ಹರಿಯುತ್ತದೆ, ಗಟ್ಟಿ ಪದಾರ್ಥ ಅಲ್ಲೇ ಉಳಿಯುತ್ತದೆ. 90 ಡಿಗ್ರಿ ತಿರುವು ಬೇಕಾದ ಕಡೆ ಎರಡು 45 ಡಿಗ್ರಿ ಬೆಂಡ್. ಹಾಸಲು, ಮುಚ್ಚಲು ಸುಮಾರು 70 ಘನ ಅಡಿ ಎಂ-ಸ್ಯಾಂಡ್. 1.5 ಅಡಿ ಚದರ, 2 ಅಡಿ ಆಳದ ಎರಡು ಚೇಂಬರ್‌ಗೆ 9 ಇಂಚು ಗೋಡೆಯಾದರೆ ಒಂದಕ್ಕೆ ಸುಮಾರು 200 ಇಟ್ಟಿಗೆ (ಲೈನ್ ಆಳವಿದ್ದು ಚೇಂಬರ್ ಆಳವಾದರೆ ಇನ್ನೂ ಹೆಚ್ಚು), ಎರಡಕ್ಕೂ ಸೇರಿ ಐದು ಮೂಟೆ ಸಿಮೆಂಟ್, ಗಾರೆಗೆ ಬೇರೆ ಮರಳು, ತಳದ ಕಾಂಕ್ರೀಟಿಗೆ ಒಂದಿಷ್ಟು 20 ಮಿ.ಮೀ. ಜಲ್ಲಿ.

ಅಗೆತ

ರಸ್ತೆ ಅಗೆಯಬೇಕಾದರೆ ಸ್ಥಳೀಯ ಸಂಸ್ಥೆಯಿಂದ ಅನುಮತಿ ಪಡೆದು, ಶುಲ್ಕ ಕಟ್ಟಿಯೇ ಕೈ ಹಚ್ಚಿ. ಯುಜಿಡಿಯ ಮ್ಯಾನ್‌ಹೋಲಿಗೆ ಜೋಡಿಸುವುದು ಅವರ ಕಣ್ಣೆದುರಿಗೇ ಆಗಲಿ. ಮ್ಯಾನ್‌ಹೋಲಿನ ಗೋಡೆಯನ್ನು ಎಲ್ಲೆಂದರಲ್ಲಿ ಒಡೆದರೆ ಮಳೆಗಾಲದಲ್ಲಿ ಇಡೀ ಬೀದಿಯ ಮಣ್ಣು ಅದರೊಳಗೆ ಇಳಿಯುತ್ತದೆ. ಅಗೆಯುವ ಮೊದಲು ಕರೆಂಟ್ ಕೇಬಲ್, ಕುಡಿಯುವ ನೀರಿನ ಪೈಪು ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ಮೊದಲ ಎರಡು ಅಡಿಯನ್ನು ಗುದ್ದಲಿಯಲ್ಲೇ ಅಗೆಯಿರಿ, ಜೆಸಿಬಿ ಬೇಡ.

ಅಗಲ 1.5 ಅಡಿ ಸಾಕು. ತೆಗೆದ ಮಣ್ಣನ್ನು ಗುಂಡಿಯ ಅಂಚಿನಲ್ಲೇ ಗುಡ್ಡೆ ಹಾಕಬೇಡಿ, 5 ಅಡಿಯಾದರೂ ಆಚೆಗಿರಲಿ. ಸಂದಿಯಲ್ಲಿ ಜಾಗವಿರದಿದ್ದರೆ ಬಾಂಡ್ಲಿಯಲ್ಲಿ ಹೊತ್ತು ಮುಂದಿನ ಅಂಗಳಕ್ಕೆ ಹಾಕಿಸಿ. ಗುಂಡಿ 5 ಅಡಿಗಿಂತ ಆಳವಾದರೆ ಎರಡೂ ಕಡೆ ಹಲಗೆ ಕೊಟ್ಟು ಅಡ್ಡಗೋಲು ಬಿಗಿಯದೆ ಆಳನ್ನು ಇಳಿಸಬೇಡಿ. ತೇವದ ಕೆಂಪು ಮಣ್ಣು ನೆಟ್ಟಗೆ ನಿಂತ ಹಾಗೇ ಕಾಣುತ್ತದೆ, ಎಚ್ಚರಿಕೆ ಕೊಡದೆ ಕುಸಿಯುತ್ತದೆ. ಮನೆಯ ಪಾಯದ ಪಕ್ಕದಲ್ಲೇ, ಪಾಯಕ್ಕಿಂತ ಆಳ ಹೋಗಬೇಕಾದರೆ ಒಂದೇ ಸಲ 40 ಅಡಿ ತೆರೆಯಬೇಡಿ. ಹತ್ತು ಹತ್ತು ಅಡಿಯಾಗಿ ತೆರೆದು, ಹಾಕಿ, ಮುಚ್ಚುತ್ತ ಹೋಗಿ.

ಕುಡಿಯುವ ನೀರಿನ ಪೈಪು ಅಡ್ಡ ಬಂದರೆ ಅದು ಮೇಲೆ, ಚರಂಡಿ ಪೈಪು ಕೆಳಗೆ. ನಡುವೆ ಒಂದೂವರೆ ಅಡಿಯಾದರೂ ಅಂತರ. ಆ ಜಾಗದಲ್ಲಿ ಚರಂಡಿ ಪೈಪಿನ ಜಾಯಿಂಟ್ ಬರದಂತೆ ಇಡೀ ಪೈಪಿನ ನಡುಭಾಗ ಬರಲಿ.

ವಾಟ

ಕೆಲಸದ ಜೀವಾಳ ಇಲ್ಲಿದೆ, ಅವಸರ ಮಾಡಬೇಡಿ. 110 ಮಿ.ಮೀ. ಪೈಪಿಗೆ 40ಕ್ಕೆ 1ರ ವಾಟ, ಅಂದರೆ 10 ಅಡಿಗೆ 3 ಇಂಚು. ಜಾಗ ಇಕ್ಕಟ್ಟಾದರೆ 60ಕ್ಕೆ 1, ಅಂದರೆ 10 ಅಡಿಗೆ 2 ಇಂಚು. ಅದಕ್ಕಿಂತ ಕಡಿಮೆ ಬೇಡ. 160 ಮಿ.ಮೀ. ಪೈಪಿಗೆ 10 ಅಡಿಗೆ 2 ಇಂಚು ಸರಿಯಾಗುತ್ತದೆ. ನಮ್ಮ 40 ಅಡಿ ಲೈನಿಗೆ ಒಟ್ಟು ಇಳಿತ 12 ಇಂಚು.

ಇದನ್ನು ನೆಲ ನೋಡಿ ಅಂದಾಜಿಸಬೇಡಿ. ಈ ಕಡೆಯ ಅಂಗಳವೇ ಇಳಿಜಾರಾಗಿರುವುದರಿಂದ ಕಣ್ಣು ಮೋಸ ಮಾಡುತ್ತದೆ. ಮೇಸ್ತ್ರಿಗಳ ಲೆವೆಲ್ ಪೈಪು, ಅಂದರೆ ನೀರು ತುಂಬಿದ ಪಾರದರ್ಶಕ ಟ್ಯೂಬು ತೆಗೆದುಕೊಳ್ಳಿ. ಅದರೊಳಗೆ ಗಾಳಿಗುಳ್ಳೆ ಒಂದೂ ಇರಬಾರದು. ಲೈನಿನ ಎರಡೂ ತುದಿಯಲ್ಲಿ ಗೂಟ ಹೊಡೆದು, ಟ್ಯೂಬಿನ ನೀರು ನಿಂತ ಮಟ್ಟವನ್ನು ಎರಡೂ ಗೂಟದ ಮೇಲೆ ಗುರುತಿಸಿ. ಈಗ ಎರಡು ಗುರುತೂ ಒಂದೇ ಮಟ್ಟ. ರಸ್ತೆ ಕಡೆಯ ಗೂಟದಲ್ಲಿ ಆ ಗುರುತಿನಿಂದ 12 ಇಂಚು ಕೆಳಗೆ ಇನ್ನೊಂದು ಗುರುತು ಹಾಕಿ. ಮನೆ ಕಡೆಯ ಮೇಲಿನ ಗುರುತಿಗೂ ರಸ್ತೆ ಕಡೆಯ ಕೆಳಗಿನ ಗುರುತಿಗೂ ನೈಲಾನ್ ದಾರವನ್ನು ವೀಣೆ ತಂತಿಯ ಹಾಗೆ ಬಿಗಿದು ಕಟ್ಟಿ. ದಾರ ಜೋಲಿದರೆ ಪೈಪೂ ಜೋಲುತ್ತದೆ, ಹಾಗಾಗಿ ನಡುವೆ ಒಂದು ಗೂಟ ಕೊಡಿ. ಆಮೇಲೆ ಒಂದು ನೇರ ಕೋಲನ್ನು ಅಳತೆಗೆ ಕತ್ತರಿಸಿಕೊಳ್ಳಿ. ದಾರದಿಂದ ಪೈಪಿನ ನೆತ್ತಿಗೆ ಎಲ್ಲ ಕಡೆಯೂ ಅದೇ ಕೋಲು ಸರಿಹೊಂದಬೇಕು. ಪ್ರತಿ ಪೈಪಿಗೂ ಮೂರು ಕಡೆ, ಎರಡು ತುದಿ ಮತ್ತು ನಡು, ಕೋಲಿಟ್ಟು ನೋಡಿ.

ಗುಂಡಿಯ ತಳ ಎಲ್ಲಾದರೂ ಹೆಚ್ಚು ಆಳವಾಗಿದ್ದರೆ ಸಡಿಲ ಮಣ್ಣು ತುಂಬಿ ಸರಿಮಾಡಬೇಡಿ, ನಾಳೆ ಹೊಟ್ಟೆ ಬಿಡುವ ಜಾಗ ಅದೇ. ಜಲ್ಲಿ ಅಥವಾ ಮರಳು ತುಂಬಿ ದಿಮ್ಮಸಿನಿಂದ ಬಡಿಯಿರಿ. ತಳ ಕೆಸರಾಗಿದ್ದರೆ ಗಟ್ಟಿ ನೆಲ ಸಿಗುವವರೆಗೆ ತೆಗೆದು, ಒಂದು ಪದರ ಜಲ್ಲಿ ಹಾಕಿ, ಅದರ ಮೇಲೆ 4 ಇಂಚು ಮರಳು ಹಾಸಿ.

ಜೋಡಣೆ

ಕೆಳಗಿನ ತುದಿಯಿಂದ, ಅಂದರೆ ರಸ್ತೆ ಕಡೆಯಿಂದ ಶುರು ಮಾಡಿ ಮನೆಯ ಕಡೆಗೆ ಬನ್ನಿ. ಪೈಪಿನ ಅಗಲ ಬಾಯಿ ಯಾವಾಗಲೂ ಮನೆಯ ಕಡೆಗೆ ಇರಬೇಕು. ಆಗ ಮೇಲಿನ ಪೈಪಿನ ತುದಿ ಕೆಳಗಿನದರ ಬಾಯೊಳಗೆ ನೀರು ಹರಿಯುವ ದಿಕ್ಕಿನಲ್ಲೇ ಕೂರುತ್ತದೆ. ತಿರುಗಿಸಿ ಹಾಕಿದರೆ ಪ್ರತಿ ಜಾಯಿಂಟೂ ಒಂದೊಂದು ಹೊಸಿಲಾಗಿ ಕಸ ತಡೆಯುತ್ತದೆ. ಬಾಯಿ ಬರುವ ಕಡೆ ಮರಳಿನಲ್ಲಿ ಸಣ್ಣ ಕುಳಿ ಮಾಡಿ. ಇಲ್ಲದಿದ್ದರೆ ಪೈಪು ಬಾಯಿಗಳ ಮೇಲಷ್ಟೇ ನಿಂತು, ನಡುಭಾಗ ಗಾಳಿಯಲ್ಲಿರುತ್ತದೆ.

ರಬ್ಬರ್ ರಿಂಗ್ ಜಾಯಿಂಟಾದರೆ ತುದಿಯನ್ನು ಅರದಿಂದ ಸುಮಾರು 15 ಡಿಗ್ರಿ ಓರೆಯಾಗಿ ಉಜ್ಜಿ, ರಿಂಗ್ ಕೂರುವ ತೋಡನ್ನು ಒರೆಸಿ. ಒಂದು ಮರಳಿನ ಕಾಳು ಉಳಿದರೂ ಸೋರುತ್ತದೆ. ಸೋಪಿನ ನೀರು ಹಚ್ಚಿ ತಳ್ಳಿ. ಗ್ರೀಸ್, ಅಡುಗೆ ಎಣ್ಣೆ ರಬ್ಬರನ್ನು ತಿನ್ನುತ್ತವೆ. ಪೂರ್ತಿ ಒಳಗೆ ತಳ್ಳಿ ಗುರುತು ಹಾಕಿ, 10 ಮಿ.ಮೀ. ಹಿಂದಕ್ಕೆ ಎಳೆಯಿರಿ. ಬಿಸಿನೀರಿಗೆ ಪೈಪು ಹಿಗ್ಗಲು ಬೇಕಾಗುವ ಜಾಗ ಅದು. ಸಾಲ್ವೆಂಟ್ ಜಾಯಿಂಟಾದರೆ ಸಾಲ್ವೆಂಟ್ ಸಿಮೆಂಟನ್ನು, ಅಂದರೆ ಪಿವಿಸಿ ಅಂಟನ್ನು ಎರಡೂ ಕಡೆ ತೆಳುವಾಗಿ ಹಚ್ಚಿ, ಕಾಲು ಸುತ್ತು ತಿರುವಿ ತಳ್ಳಿ, ಒಂದು ನಿಮಿಷ ಹಿಡಿದಿರಿ. 24 ಗಂಟೆ ನೀರು ಬಿಡಬೇಡಿ.

ಪಾಯದ ಗೋಡೆಯಿಂದ ಹೊರಬರುವ ಕಡೆ 110ರ ಪೈಪಿಗೆ 160ರ ತುಂಡನ್ನು ತೋಳಿನಂತೆ ಕೊಡಿ. ಸುತ್ತಲಿನ ಸಂದಿಗೆ ಡಾಂಬರು ಸವರಿದ ಗೋಣಿನಾರು ತುಂಬಿ, ಸಿಮೆಂಟ್ ಬೇಡ. ಗೋಡೆ ಇಳಿದರೂ ಮಣ್ಣು ಇಳಿದರೂ ಪೈಪಿಗೆ ಅಲುಗಲು ಎಡೆ ಇರುತ್ತದೆ.

ಚೇಂಬರ್

ಲೈನ್ ತಿರುಗುವ ಕಡೆ, ಇನ್ನೊಂದು ಲೈನ್ ಸೇರುವ ಕಡೆ, ಕಾಂಪೌಂಡಿನಿಂದ ಹೊರಗೆ ಹೋಗುವ ಮೊದಲು ಒಂದೊಂದು ಚೇಂಬರ್ ಬೇಕು. ತಳಕ್ಕೆ 6 ಇಂಚು ಕಾಂಕ್ರೀಟ್, ಗೋಡೆಗೆ 1:4ರ ಗಾರೆ, ಒಳಗೆ 1:3ರ ಗಾರೆ ಬಳಿದು ಸಿಮೆಂಟ್ ಹಾಲು ಹಾಕಿ ನುಣುಪು ಮಾಡಿ. ಒಳಗಿನ ತಳ ಚಪ್ಪಟೆ ಇರಬಾರದು. ಪೈಪಿನಿಂದ ಪೈಪಿಗೆ ಅರ್ಧ ದುಂಡನೆಯ ಕಾಲುವೆ ಮಾಡಿ, ಎರಡೂ ಪಕ್ಕ ಗಾರೆಯನ್ನು ಪೈಪಿನ ನೆತ್ತಿಯವರೆಗೆ ಏರಿಸಿ ಕಾಲುವೆಗೆ ಜಾರುವಂತೆ ಇಳಿಸಿ. ಈ ಜಾರು ಇಲ್ಲದ ಚೇಂಬರ್‌ನ ಮೂಲೆಯಲ್ಲಿ ಮಲ ಕೂತು ಒಣಗುತ್ತದೆ, ಜಿರಲೆಗಳು ಅಲ್ಲಿಂದಲೇ ಮನೆಗೆ ಬರುತ್ತವೆ.

ಚೇಂಬರ್ ಸೋರುವುದು ಹೆಚ್ಚಾಗಿ ಪೈಪು ಗೋಡೆಯನ್ನು ಹೊಕ್ಕ ಜಾಗದಲ್ಲಿ. ಪಿವಿಸಿ ನುಣುಪು, ಸಿಮೆಂಟ್ ಅದಕ್ಕೆ ಅಂಟುವುದಿಲ್ಲ. ಗೋಡೆಯೊಳಗೆ ಬರುವಷ್ಟು ಭಾಗವನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಸಾಲ್ವೆಂಟ್ ಸಿಮೆಂಟ್ ಬಳಿದು, ಹಸಿ ಇರುವಾಗಲೇ ಒಣ ಮರಳು ಉದುರಿಸಿ. ಒಣಗಿದಾಗ ಪೈಪು ಹಲಸಿನ ಸಿಪ್ಪೆಯಂತೆ ಒರಟಾಗುತ್ತದೆ. ಆಮೇಲೆ ಗಾರೆ ಕಟ್ಟಿದರೆ ಹಿಡಿಯುತ್ತದೆ. ಹತ್ತು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಪರೀಕ್ಷೆ, ಆಮೇಲೆ ಮಣ್ಣು

ಮುಚ್ಚುವ ಮೊದಲು ನೀರಿನ ಪರೀಕ್ಷೆ ಆಗಲೇಬೇಕು. ಕೆಳಗಿನ ತುದಿಗೆ ಬಿಗಿಯಾದ ಮುಚ್ಚಳ ಹಾಕಿ, ಅದು ಹಾರದಂತೆ ಎದುರಿನಿಂದ ಕೋಲು ಒತ್ತಿ ನಿಲ್ಲಿಸಿ; ಅದರ ಮೇಲೆ ಹತ್ತು ಕಿಲೋಗೂ ಮೀರಿದ ಒತ್ತಡ ಬೀಳುತ್ತದೆ. ಮೇಲಿನ ತುದಿಗೆ ಬೆಂಡ್ ಹಾಕಿ ಒಂದು ಮೀಟರ್ ಪೈಪು ನೇರ ನಿಲ್ಲಿಸಿ, ತುಂಬ ನೀರು ಹಾಕಿ. 40 ಅಡಿಗೆ 100 ಲೀಟರ್ ಮೇಲೆ ಬೇಕು, ಏಳೆಂಟು ಕೊಡ. ಹತ್ತು ನಿಮಿಷ ಬಿಟ್ಟು ಇಳಿದಷ್ಟು ತುಂಬಿ ಗುರುತು ಹಾಕಿ, ಅರ್ಧ ಗಂಟೆ ಕಾಯಿರಿ. ನೀರು ಇಳಿಯಬಾರದು. ಇಳಿದರೆ ಪ್ರತಿ ಜಾಯಿಂಟಿನ ಕೆಳಗೆ ಒಣ ಕೈ ಆಡಿಸಿ, ತೇವ ಕೈಗೆ ಸಿಗುತ್ತದೆ. ನೀರು ಬಿಟ್ಟ ಮೇಲೆ ಮೇಲಿನಿಂದ ಒಂದು ಟೆನಿಸ್ ಚೆಂಡನ್ನು ಉರುಳಿಸಿ. ತಳ್ಳದೆ ಕೆಳಗಿನ ಚೇಂಬರ್‌ಗೆ ಬಂದು ಬಿದ್ದರೆ ವಾಟ ಸರಿ ಇದೆ.

ಪೈಪಿನ ಎರಡೂ ಪಕ್ಕಕ್ಕೆ ಮರಳು ತುಂಬಿ ಕಾಲಿನಿಂದ ತುಳಿದು ಕೂರಿಸಿ, ನೆತ್ತಿಯ ಮೇಲೆ 6 ಇಂಚು ಮರಳು ಬರಲಿ. ಪೈಪಿನ ನೇರ ಮೇಲೆ ದಿಮ್ಮಸು ಹಾಕಬೇಡಿ. ಆಮೇಲೆ ಕಲ್ಲು ಆರಿಸಿದ ಮಣ್ಣನ್ನು 6 ಇಂಚಿನ ಪದರವಾಗಿ ಹಾಕಿ, ಬಡಿದು, ಮುಂದಿನ ಪದರ ಹಾಕಿ. ಮುಚ್ಚಿದ ಮೇಲೆ ಪೈಪಿನ ಮೇಲೆ ಕೈತೋಟದಲ್ಲಿ 2 ಅಡಿ, ಕಾರು ನಿಲ್ಲುವ ಕಡೆ 3 ಅಡಿ ಮಣ್ಣಿರಬೇಕು. ಅಷ್ಟು ಆಳ ಸಿಗದಿದ್ದರೆ ಪೈಪಿನ ಸುತ್ತ 4 ಇಂಚು ಕಾಂಕ್ರೀಟ್ ಕೊಡಿ. ಕೆಲಸದ ನಡುವೆ ಮಳೆ ಬಂದು ಗುಂಡಿ ತುಂಬುವ ಹಾಗಿದ್ದರೆ ಪೈಪಿಗೆ ನೀರು ತುಂಬಿಸಿಬಿಡಿ. ಖಾಲಿ ಪೈಪನ್ನು ನೀರು ಮೀಟರಿಗೆ ಒಂಬತ್ತೂವರೆ ಕಿಲೋ ಬಲದಿಂದ ಮೇಲೆತ್ತುತ್ತದೆ, ಒಂದು ರಾತ್ರಿಯಲ್ಲಿ ಇಡೀ ವಾಟ ಹೋಗುತ್ತದೆ.

ಮಳೆನೀರು, ಹಳೆಯ ಗುಂಡಿ

ಚಾವಣಿಯ ನೀರನ್ನು ಈ ಲೈನಿಗೆ ಬಿಡಬೇಡಿ. 1000 ಚದರ ಅಡಿ ಚಾವಣಿಯ ಮೇಲೆ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 4600 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ ನಾಲ್ಕು ಜನರ ಮನೆಯ ಎಂಟು ದಿನದ ನೀರು. ನಿಮ್ಮ ಪೈಪು ಅದನ್ನು ತಾಳಿಕೊಂಡೀತು. ಆದರೆ ಬೀದಿಯ ಎಲ್ಲ ಮನೆಯವರೂ ಹಾಗೆ ಮಾಡಿದರೆ ಯುಜಿಡಿ ತುಂಬಿ, ತಗ್ಗಿನಲ್ಲಿರುವ ಮನೆಯ ಬಚ್ಚಲಲ್ಲಿ ಊರಿನ ಮಲ ಏಳುತ್ತದೆ. ನಿಮ್ಮದೇ ತಗ್ಗಿನ ಮನೆಯಾಗಿದ್ದರೆ ಕೊನೆಯ ಚೇಂಬರ್‌ನಲ್ಲಿ ಹಿಂದಕ್ಕೆ ಬಾರದಂತೆ ತಡೆಯುವ ಕವಾಟ, ಅಂದರೆ ನಾನ್-ರಿಟರ್ನ್ ವಾಲ್ವ್ ಹಾಕಿಸಿ, ಮೇ ತಿಂಗಳಲ್ಲಿ ಅದರ ಬಾಗಿಲು ತೊಳೆಯಿರಿ.

ಯುಜಿಡಿ ಬಂದ ಮೇಲೆ ಸೆಪ್ಟಿಕ್ ಟ್ಯಾಂಕಿನ ಮೂಲಕವೇ ಲೈನ್ ಬಿಡುವುದು ಬೇಡ, ಲೈನನ್ನು ಅದರ ಪಕ್ಕದಿಂದ ಸುತ್ತಿಸಿ ಒಯ್ಯಿರಿ. ಟ್ಯಾಂಕನ್ನು ಸಕ್ಕಿಂಗ್ ಗಾಡಿಯಿಂದ ಖಾಲಿ ಮಾಡಿಸಿ, ಮೇಲಿನ ಚಪ್ಪಡಿ ತೆಗೆಸಿ, ಮೇಲೆ ನಿಂತೇ ಯಂತ್ರದಿಂದ ತಳದಲ್ಲಿ ತೂತು ಹೊಡೆಸಿ, ಮರಳು-ಜಲ್ಲಿ ತುಂಬಿ. ಬರಿದೇ ಮುಚ್ಚಿಟ್ಟ ಹಳೆಯ ಗುಂಡಿಯ ಚಪ್ಪಡಿ ಯಾವಾಗಲೋ ಒಂದು ದಿನ ಮಕ್ಕಳ ಕಾಲಡಿ ಮುರಿಯುತ್ತದೆ. ಯುಜಿಡಿ ಇಲ್ಲದ ಕಡೆ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 60 ಅಡಿಯಾದರೂ ದೂರವಿರಬೇಕು. ನಿಮ್ಮ ಬಾವಿಯಷ್ಟೇ ಅಲ್ಲ, ಪಕ್ಕದ ಮನೆಯ ಬಾವಿಯನ್ನೂ ಅಳೆಯಿರಿ.

ಮಣ್ಣು ಮುಚ್ಚುವ ಮೊದಲು ಗೋಡೆಯ ಮೂಲೆಯಿಂದ ಪ್ರತಿ ಜಾಯಿಂಟಿಗೆ ಎಷ್ಟು ಅಡಿ, ಎಷ್ಟು ಆಳ ಎಂದು ಅಳೆದು ಬರೆದು, ಅಳತೆಪಟ್ಟಿ ಕಾಣುವಂತೆ ಫೋಟೋ ತೆಗೆದು ಮನೆಯ ಪತ್ರಗಳ ಜೊತೆ ಇಡಿ. ಅಂಗಳಕ್ಕೆ ಕೂಡಲೇ ಟೈಲ್ಸ್ ಹಾಕಿಸಬೇಡಿ. ಎಷ್ಟೇ ಬಡಿದರೂ ಮೊದಲ ಮಳೆಗಾಲದಲ್ಲಿ ಮಣ್ಣು ಒಂದೆರಡು ಇಂಚು ಕೂರುತ್ತದೆ. ಗುಂಡಿಯ ಉದ್ದಕ್ಕೂ ಮಣ್ಣನ್ನು ಸ್ವಲ್ಪ ಉಬ್ಬಾಗಿ ಬಿಟ್ಟು, ತಗ್ಗಾದ ಕಡೆ ತುಂಬುತ್ತ, ದೀಪಾವಳಿ ಕಳೆದ ಮೇಲೆ ಟೈಲ್ಸ್ ಕೆಲಸ ಮಾಡಿಸಿ.